ನಿರ್ವಾತ ಕೆಳಗಿಳಿಯದೆ ಹಟ ಹಿಡಿದಾಗ

ಪ್ರಶ್ನೆ: ನಮ್ಮ ಎಕ್ಸ್-ರೇ ಫೋಟೋಎಲೆಕ್ಟ್ರಾನ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒತ್ತಡ 10⁻⁷ ಮಿಲಿಬಾರ್‌ಗೆ ಬಂದು ನಿಂತುಬಿಟ್ಟಿದೆ. ಸೋರಿಕೆ ಇರಬಹುದೇ?

ಉತ್ತರ: ಇರಬಹುದು. ಆದರೆ ನನ್ನ ಮೊದಲ ಅನುಮಾನ ನೀರಿನ ಮೇಲೆ. ಚೇಂಬರನ್ನು ಇತ್ತೀಚೆಗೆ ತೆರೆದಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಉಕ್ಕಿನ ಒಳಗೋಡೆಗೆ ಅಂಟಿದ ತೇವ ದಿನಗಟ್ಟಲೆ ಆವಿಯಾಗುತ್ತಲೇ ಇರುತ್ತದೆ.

ಪಂಪಿನ ಕಡೆಯ ಕವಾಟ ಮುಚ್ಚಿ ಗೇಜ್ ನೋಡಿ. ಒತ್ತಡ ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಸೋರಿಕೆ. ಏರಿಕೆ ಬರಬರುತ್ತ ಮಂದವಾದರೆ ಒಳಗಿನ ತೇವ. ಉಳಿಕೆ ಅನಿಲ ವಿಶ್ಲೇಷಕವಿದ್ದರೆ ಇನ್ನೂ ಸುಲಭ. 18ರ ಶಿಖರ ಎತ್ತರವಿದ್ದರೆ ನೀರು. 28, 32ರ ಜೊತೆ 40ರಲ್ಲಿ ಆರ್ಗಾನ್ ಕಂಡರೆ ಹೊರಗಿನ ಗಾಳಿ ನುಗ್ಗುತ್ತಿದೆ. 28 ಒಂದನ್ನೇ ನಂಬಬೇಡಿ, ಕಾರ್ಬನ್ ಮಾನಾಕ್ಸೈಡ್ ಕೂಡ ಅಲ್ಲೇ ಬರುತ್ತದೆ.

ನೀರಾದರೆ ಚೇಂಬರನ್ನು 120ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ದಿನ ಕಾಯಿಸಿ. ಉಪಕರಣ ತಾಳುವ ಮಿತಿಯನ್ನು ಕೈಪಿಡಿಯಲ್ಲಿ ಮೊದಲು ನೋಡಿಕೊಳ್ಳಿ. ಸೋರಿಕೆಯಾದರೆ ಪ್ರತಿ ಜೋಡಣೆಯ ಮೇಲೂ ಹೀಲಿಯಂ ಹಾಯಿಸಿ, 4ರ ಶಿಖರ ಗಮನಿಸಿ. ಹೀಲಿಯಂ ಮೇಲಕ್ಕೇರುವುದರಿಂದ ಮೇಲಿನಿಂದ ಶುರುಮಾಡುವುದು ಜಾಣತನ. ಇತ್ತೀಚೆಗೆ ಬಿಚ್ಚಿ ಜೋಡಿಸಿದ ತಾಮ್ರದ ಗ್ಯಾಸ್ಕೆಟ್ಟೇ ಸಾಮಾನ್ಯವಾಗಿ ಅಪರಾಧಿ.

ಹೀಲಿಯಂಗೂ ಸಿಗದ ಕಳ್ಳನೊಬ್ಬನಿದ್ದಾನೆ: ಒಳಗಿನ ಸ್ಕ್ರೂ ತಳದಲ್ಲಿ ಸಿಕ್ಕಿಬಿದ್ದ ಗಾಳಿ. ನಡುವೆ ರಂಧ್ರ ಕೊರೆದ ಸ್ಕ್ರೂ ಹಾಕುವುದೇ ಇದಕ್ಕೆ ಮದ್ದು.

ಇಷ್ಟೆಲ್ಲ ತಾಪತ್ರಯ ಏಕೆಂದರೆ, 10⁻⁶ ಮಿಲಿಬಾರ್‌ನಲ್ಲಿ ಸ್ವಚ್ಛ ಲೋಹದ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಅನಿಲದ ಒಂದು ಪದರ ಕೂರಬಲ್ಲದು. 10⁻⁹ರಲ್ಲಿ ಅದಕ್ಕೆ ಗಂಟೆಯ ಆಸುಪಾಸು ಬೇಕು.