ಭತ್ತ, ಪಾರ್ಥೇನಿಯಂ ಮತ್ತು ಒಬ್ಬ ಕುಲಪತಿ: ಡಾ. ಎಂ. ಮಹದೇವಪ್ಪನವರ ನೆನಪು



ಸಂಘದ ಪತ್ರಿಕೆಗಳಲ್ಲಿ ಸಾಹಿತಿಗಳು, ಗಾಯಕರು, ಕ್ರಿಕೆಟಿಗರ ಪರಿಚಯ ಆಗಾಗ ಬರುತ್ತಲೇ ಇರುತ್ತದೆ. ಈ ಸಲ ಒಬ್ಬ ಕೃಷಿ ವಿಜ್ಞಾನಿಯ ಬಗ್ಗೆ ಬರೆಯೋಣ ಅನ್ನಿಸಿತು. ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಗದ್ದೆಗಿಳಿದು ಕೆಲಸ ಮಾಡಿದವನಲ್ಲ. ಆದರೆ ಬ್ರಿಸ್ಬೇನ್‌ನಲ್ಲಿ ಕೂತು ದಿನಾ ಅನ್ನ ಉಣ್ಣುವ ನಮಗೆಲ್ಲ ಈ ವಿಷಯ ಒಂದಿಷ್ಟು ಗೊತ್ತಿರಬೇಕು. ಅದಕ್ಕೆ ಇನ್ನೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಡಾ. ಎಂ. ಮಹದೇವಪ್ಪನವರು ಹುಟ್ಟಿದ್ದು 1937ರ ಆಗಸ್ಟ್ 4ರಂದು, ಈಗಿನ ಚಾಮರಾಜನಗರ ಜಿಲ್ಲೆಯ ಮಾದಾಪುರ ಎಂಬ ಸಣ್ಣ ಹಳ್ಳಿಯಲ್ಲಿ. ಭತ್ತದ ತಳಿ ವಿಜ್ಞಾನಿಯಾಗಿ ಹೆಸರು ಮಾಡಿದ ಅವರನ್ನು ಜನ 'ರಾಜಮುಡಿ ಮಹದೇವಪ್ಪ' ಎಂದೇ ಕರೆಯುತ್ತಿದ್ದರು. ರಾಜಮುಡಿ ಎಂದರೆ ಹಳೇ ಮೈಸೂರಿನ ಹೆಸರಾಂತ ನಾಡಭತ್ತ. ವಿಜ್ಞಾನಿಯೊಬ್ಬರ ಹೆಸರಿಗೆ ಊರ ಜನ ಒಂದು ಅಕ್ಕಿಯ ಹೆಸರು ಸೇರಿಸುತ್ತಾರೆಂದರೆ ಅದೇನು ಸಣ್ಣ ಗೌರವವೇ?

ಹೊಸ ತಳಿ ಎಂದರೇನು?

ಭತ್ತದ ಒಂದೊಂದು ಹೂವಿನಲ್ಲೂ ಗಂಡು ಹೆಣ್ಣು ಎರಡೂ ಭಾಗ ಇರುತ್ತವೆ. ಹೂ ಅರಳುವ ಹೊತ್ತಿಗೆ ಅದರದೇ ಪರಾಗ ಅದಕ್ಕೇ ಬಿದ್ದು ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸಬೇಕಾದರೆ, ಹೂ ಅರಳುವ ಮೊದಲೇ ಅದರ ಕೇಸರಗಳನ್ನು ಒಂದೊಂದಾಗಿ ತೆಗೆದು, ಬೇರೆ ತಳಿಯ ಪರಾಗ ಹಾಕಿ, ಕಾಗದದ ಚೀಲ ಕಟ್ಟಬೇಕು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಬಿತ್ತುವುದು, ಆರಿಸುವುದು, ಮತ್ತೆ ಬಿತ್ತುವುದು. ಇಳುವರಿ ಇದೆಯೇ, ರೋಗ ತಡೆಯುತ್ತದೆಯೇ, ಅನ್ನ ಚೆನ್ನಾಗಿ ಆಗುತ್ತದೆಯೇ, ಎಲ್ಲವನ್ನೂ ನೋಡಬೇಕು. ನಾವು ಸಾಫ್ಟ್‌ವೇರ್‌ನವರು ರಾತ್ರಿ ಟೆಸ್ಟ್ ಓಡಿಸಿ ಬೆಳಿಗ್ಗೆ ಫಲಿತಾಂಶ ನೋಡುತ್ತೇವೆ. ಅವರ ಒಂದು ಟೆಸ್ಟ್ ಮುಗಿಯಲು ಒಂದು ಬೆಳೆಯೇ ಬೇಕು, ನಾಲ್ಕೈದು ತಿಂಗಳು!

ಹೈಬ್ರಿಡ್ ಭತ್ತದ ಲೆಕ್ಕವೇ ಬೇರೆ. ಕೋಟಿಗಟ್ಟಲೆ ಹೂಗಳ ಕೇಸರವನ್ನು ಕೈಯಲ್ಲಿ ತೆಗೆಯುವುದು ಆಗದ ಮಾತು. ಅದಕ್ಕೆ ಒಳ್ಳೆಯ ಪರಾಗವನ್ನೇ ಹುಟ್ಟಿಸಲಾರದ ತಳಿಯೊಂದನ್ನು ತಾಯಿಯಾಗಿ ಬಳಸುತ್ತಾರೆ. ಅದರ ಪಕ್ಕದ ಸಾಲಿನಲ್ಲಿ ತಂದೆ ತಳಿಯನ್ನು ಬೆಳೆದರೆ ಗಾಳಿಯೇ ಪರಾಗ ಸಾಗಿಸುತ್ತದೆ. ಮಂಡ್ಯದ ವಿ.ಸಿ. ಫಾರಂನಿಂದ 1994ರಲ್ಲಿ ಕೆಆರ್‌ಹೆಚ್-1, 1996ರಲ್ಲಿ ಕೆಆರ್‌ಹೆಚ್-2 ಬಂದದ್ದು ಈ ದಾರಿಯಲ್ಲೇ. ಒಬ್ಬರ ಹೆಸರಿನಲ್ಲಿ ಹೇಳಿ ಮುಗಿಸುವ ಕೆಲಸ ಇದಲ್ಲ, ದೊಡ್ಡ ತಂಡದ ಶ್ರಮ. ಆದರೆ ಕರ್ನಾಟಕದಲ್ಲಿ ಹೆಚ್ಚು ಇಳುವರಿಯ ಭತ್ತ, ಹೈಬ್ರಿಡ್ ಭತ್ತ ಎಂದರೆ ಮೊದಲು ನೆನಪಾಗುವವರಲ್ಲಿ ಮಹದೇವಪ್ಪನವರು ಒಬ್ಬರು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲೂ ಅವರು ಕೆಲಸ ಮಾಡಿದ್ದರು. ಕ್ಷಾರ ತುಂಬಿದ ಮಣ್ಣಿನಲ್ಲಿ ಯಾವ ಭತ್ತ ತಾಳಿಕೊಳ್ಳುತ್ತದೆ ಎಂಬುದು ಅವರ ಆಸಕ್ತಿಗಳಲ್ಲೊಂದು.

ಹೈಬ್ರಿಡ್‌ಗೆ ಒಂದು ತೊಡಕೂ ಇದೆ. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಮೊದಲಿನ ಬೆಳೆ ಬರುವುದಿಲ್ಲ, ರೈತ ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ಊರಿನಲ್ಲಿ ನಮ್ಮ ದೊಡ್ಡಪ್ಪ, "ಇಳುವರಿ ಏನೋ ಸರಿ ಕಣಪ್ಪ, ಬೀಜಕ್ಕೆ ದುಡ್ಡು ಯಾರು ಕೊಡ್ತಾರೆ?" ಎನ್ನುತ್ತಿದ್ದರು. ಆ ಪ್ರಶ್ನೆಯೂ ನ್ಯಾಯವಾದದ್ದೇ.

ಮೈಸೂರು ಸೀಮೆಯಿಂದ ಧಾರವಾಡಕ್ಕೆ

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು 1986ರಲ್ಲಿ. ಮಹದೇವಪ್ಪನವರು 1994ರಿಂದ 2000ದವರೆಗೆ, ಎರಡು ಅವಧಿಗೆ, ಅಲ್ಲಿ ಕುಲಪತಿಯಾಗಿದ್ದರು. ರಾಯಚೂರಿಗೆ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಬಂದದ್ದು 2008ರಲ್ಲಿ. ಅಲ್ಲಿಯವರೆಗೆ ಬೀದರಿನಿಂದ ಕಾರವಾರದವರೆಗೆ ಇಡೀ ಉತ್ತರ ಕರ್ನಾಟಕ ಧಾರವಾಡದ ಹೊಣೆ. ನಾಡಿನ ದಕ್ಷಿಣದ ತುದಿಯ ಮನುಷ್ಯ ಜೋಳ, ಹತ್ತಿ, ಕಡಲೆಯ ಎರೆಭೂಮಿಗೆ ಬಂದು ಕೂತರು. ಕೃಷಿ ವಿಶ್ವವಿದ್ಯಾಲಯದ ಕುಲಪತಿಗೆ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಕೆಲಸವಲ್ಲ. ಪಾಠ, ಸಂಶೋಧನೆ, ಸಂಶೋಧನೆಯನ್ನು ರೈತನ ಹೊಲಕ್ಕೆ ಮುಟ್ಟಿಸುವ ವಿಸ್ತರಣೆ, ಮೂರೂ ಅವರ ತಲೆಯ ಮೇಲೆ.

ಕಾಂಗ್ರೆಸ್ ಗಿಡದ ಜೊತೆ ಯುದ್ಧ

ಈಗ ಆ ಇನ್ನೊಂದು ಕಾರಣ. ಊರಿನ ರಸ್ತೆ ಬದಿಯಲ್ಲಿ ಬಿಳಿ ಹೂ ಬಿಡುವ ಪಾರ್ಥೇನಿಯಂ ನಿಮಗೆಲ್ಲ ನೆನಪಿರಬೇಕು, ನಮ್ಮ ಕಡೆ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಅದು ಮುಟ್ಟಿದರೆ ಕೆಲವರಿಗೆ ಮೈ ತುರಿಕೆ, ಪರಾಗ ಮೂಗಿಗೆ ಹೋದರೆ ಉಬ್ಬಸ, ದನ ತಿಂದರೆ ಹಾಲು ಕಹಿ. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಇದು ಭಾರತದಲ್ಲಿ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ನಮ್ಮ ಕ್ವೀನ್ಸ್‌ಲ್ಯಾಂಡ್‌ನ ಟೂಗೂಲಾವಾದಲ್ಲಿ ದಾಖಲಾದದ್ದೂ ಅದೇ 1955ರಲ್ಲಿ! ಆಸ್ಟ್ರೇಲಿಯಾ ಸರ್ಕಾರ ಅದನ್ನು ರಾಷ್ಟ್ರೀಯ ಮಹತ್ವದ ಕಳೆಗಳ ಪಟ್ಟಿಗೆ ಸೇರಿಸಿದೆ. ಎರಡೂ ನಾಡುಗಳ ಶತ್ರು ಒಂದೇ.

ಮಹದೇವಪ್ಪನವರು ಗಿಡವನ್ನು ಗಿಡದಿಂದಲೇ ಹೊಡೆಯುವ ದಾರಿಯನ್ನು ಎತ್ತಿ ಹಿಡಿದರು. ಕ್ಯಾಸಿಯಾ ಸೆರಿಸಿಯಾ ಎಂಬ ತಗಚೆ ಜಾತಿಯ ಗಿಡ ಒತ್ತಾಗಿ ಬೆಳೆಯುತ್ತದೆ, ಅದರಿಂದ ಮಣ್ಣಿಗೆ ಸೇರುವ ರಾಸಾಯನಿಕಗಳು ಪಾರ್ಥೇನಿಯಂ ಬೀಜ ಮೊಳೆಯದಂತೆ ತಡೆಯುತ್ತವೆ. ಮುಂಗಾರಿನ ಮೊದಲು ಇದರ ಬೀಜ ಎರಚಿಟ್ಟರೆ ಸಾಕು, ವಿಷ ಸಿಂಪಡಿಸಬೇಕಾಗಿಲ್ಲ. 1997ರ ಅಕ್ಟೋಬರ್‌ನಲ್ಲಿ ಪಾರ್ಥೇನಿಯಂ ಹತೋಟಿ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಅವರ ಧಾರವಾಡದಲ್ಲೇ. ಕಳೆ ಪೂರ್ತಿ ಹೋಯಿತೇ? ಇಲ್ಲ, ಈಗಲೂ ಇದೆ. ಆದರೆ ಕುಲಪತಿಯ ಕುರ್ಚಿಯಲ್ಲಿ ಕೂತವರು ರಸ್ತೆ ಬದಿಯ ಕಳೆಯನ್ನು ವಿಶ್ವವಿದ್ಯಾಲಯದ ಕೆಲಸವೆಂದು ತಿಳಿದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ದೇಶದ ಕೃಷಿ ವಿಜ್ಞಾನಿಗಳನ್ನು ಆರಿಸುವ ನೇಮಕಾತಿ ಮಂಡಳಿಗೂ ಅವರು ಅಧ್ಯಕ್ಷರಾಗಿದ್ದರು. ನಂತರ ಮೈಸೂರಿನಲ್ಲಿ ಜೆಎಸ್‌ಎಸ್ ಸಂಸ್ಥೆಯ ಗ್ರಾಮೀಣಾಭಿವೃದ್ಧಿ ಕೆಲಸದಲ್ಲಿ ತೊಡಗಿಕೊಂಡರು. 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಬಂದವು. 2021ರ ಮಾರ್ಚ್ 6ರಂದು ಮೈಸೂರಿನಲ್ಲಿ ತೀರಿಕೊಂಡರು.

ನಮ್ಮ ಮಕ್ಕಳು ವಿಜ್ಞಾನಿ ಎಂದರೆ ರಾಕೆಟ್ ಇಲ್ಲವೇ ಕಂಪ್ಯೂಟರ್ ಎಂದುಕೊಳ್ಳುತ್ತಾರೆ, ಅದಕ್ಕೆ ನಮ್ಮಂಥ ಅಪ್ಪ ಅಮ್ಮಂದಿರೂ ಕಾರಣ. ಮಾದಾಪುರದ ಹುಡುಗನೊಬ್ಬ ಭತ್ತದ ತೆನೆ ಹಿಡಿದುಕೊಂಡೇ ಪದ್ಮಭೂಷಣದವರೆಗೆ ಹೋದ ಕಥೆಯನ್ನೂ ಅವರಿಗೆ ಒಮ್ಮೆ ಹೇಳಿ. ಮುಂದಿನ ವನಭೋಜನದಲ್ಲಿ ಚಿತ್ರಾನ್ನ ಬಡಿಸುವಾಗ ಹೇಳಿದರೂ ಆದೀತು!