ಹಳೆಯ ಮರಗಳು ಮತ್ತು ಸ್ಥಳೀಯ ಜಾತಿಯ ಮರಗಳಿಗೆ ಕಾನೂನಿನ ರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಊರ ಮುಂದಿನ ಅರಳಿಕಟ್ಟೆ, ಹೆದ್ದಾರಿಯ ಬದಿಯ ಸಾಲುಮರಗಳು, ಹೊಲದ ಬದುವಿನ ಹೊಂಗೆ, ಮನೆಯ ಹಿತ್ತಿಲಿನ ಹಲಸು ಇವೆಲ್ಲವೂ ನಾಡಿನ ಸಂಪತ್ತು. ಇವುಗಳನ್ನು ಕಡಿಯಬೇಕಾಗಿ ಬಂದಾಗ ಯಾರ ಅನುಮತಿ ಪಡೆಯಬೇಕು, ಕಡಿಯಬಾರದೆಂದು ಬಯಸುವವರು ಯಾರನ್ನು ಸಂಪರ್ಕಿಸಬೇಕು ಎಂಬುದು ಅನೇಕ ನಾಗರಿಕರಿಗೆ ತಿಳಿದಿರುವುದಿಲ್ಲ. ತಮ್ಮ ಜಮೀನಿನಲ್ಲಿರುವ ಮರವನ್ನು ತಾವು ಕಡಿಯಲು ಯಾವ ಅಡ್ಡಿಯೂ ಇಲ್ಲವೆಂದು ಕೆಲವರು ಭಾವಿಸುತ್ತಾರೆ. ಮರವು ಹಳೆಯದಾಗಿದ್ದರೆ ಅದಕ್ಕೆ ತಾನಾಗಿಯೇ ರಕ್ಷಣೆ ದೊರೆಯುತ್ತದೆಂದು ಇನ್ನು ಕೆಲವರು ನಂಬುತ್ತಾರೆ. ಈ ಎರಡೂ ಭಾವನೆಗಳು ಸರಿಯಲ್ಲ. ಕರ್ನಾಟಕದಲ್ಲಿ ಜಾರಿಯಲ್ಲಿರುವ ಕಾನೂನಿನ ಮುಖ್ಯಾಂಶಗಳನ್ನು ಮತ್ತು ಅದರಡಿ ನಾಗರಿಕರಿಗಿರುವ ಅವಕಾಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976

ಅರಣ್ಯದ ಹೊರಗಿರುವ ಮರಗಳ ರಕ್ಷಣೆಗೆ ರಾಜ್ಯದಲ್ಲಿರುವ ಪ್ರಮುಖ ಕಾನೂನು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976. ಈ ಅಧಿನಿಯಮವು ನಗರ ಪ್ರದೇಶಗಳಿಗೂ ಸರ್ಕಾರವು ಅಧಿಸೂಚಿಸಿದ ಗ್ರಾಮೀಣ ಪ್ರದೇಶಗಳಿಗೂ ಅನ್ವಯಿಸುತ್ತದೆ. ಇದರ 8ನೇ ಪ್ರಕರಣದಂತೆ, ಸ್ವಂತ ಜಮೀನಿನಲ್ಲಿರಲಿ ಅಥವಾ ಇತರೆ ಜಮೀನಿನಲ್ಲಿರಲಿ, ವೃಕ್ಷ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಯಾವುದೇ ವ್ಯಕ್ತಿಯು ಮರವನ್ನು ಕಡಿಯತಕ್ಕದ್ದಲ್ಲ ಮತ್ತು ಕಡಿಸತಕ್ಕದ್ದಲ್ಲ. ಜಮೀನಿನ ಒಡೆತನವು ಮರ ಕಡಿಯಲು ಅನುಮತಿಯಾಗುವುದಿಲ್ಲ ಎಂಬುದು ಈ ಕಾನೂನಿನ ಮೂಲ ತತ್ವ.

ಅರಣ್ಯ ಇಲಾಖೆಯ ಅಧಿಕಾರಿಗಳನ್ನು ವೃಕ್ಷ ಅಧಿಕಾರಿಗಳಾಗಿ ನೇಮಿಸಲಾಗುತ್ತದೆ. ಸಾಮಾನ್ಯವಾಗಿ ಉಪ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಯವರು ಈ ಜವಾಬ್ದಾರಿಯನ್ನು ನಿರ್ವಹಿಸುತ್ತಾರೆ. ಅವರ ಮೇಲೆ ವೃಕ್ಷ ಪ್ರಾಧಿಕಾರವಿರುತ್ತದೆ. ಮರಗಳ ಸಂರಕ್ಷಣೆ, ಮರಗಣತಿ, ಹೊಸ ಸಸಿಗಳನ್ನು ನೆಡಿಸುವುದು ಮುಂತಾದವು ಪ್ರಾಧಿಕಾರದ ಕರ್ತವ್ಯಗಳಾಗಿವೆ.

"ಮರ ಕಡಿಯುವುದು" ಎಂದರೆ ಏನು?

ಮರವನ್ನು ಬುಡದಿಂದ ಕತ್ತರಿಸುವುದು ಮಾತ್ರವೇ ಕಡಿಯುವುದಲ್ಲ. ಅಧಿನಿಯಮದ ಪರಿಭಾಷೆಯಲ್ಲಿ ಈ ಕೆಳಗಿನವುಗಳೂ ಸೇರಿವೆ:

1. ಮರವನ್ನು ಬೇರುಸಹಿತ ಕಿತ್ತುಹಾಕುವುದು ಅಥವಾ ಬುಲ್ಡೋಜರ್ ಬಳಸಿ ಕೆಡವುವುದು.
2. ಕಾಂಡದ ಸುತ್ತ ತೊಗಟೆಯನ್ನು ಸುಲಿಯುವುದು.
3. ಕೊಂಬೆಗಳನ್ನು ಅಥವಾ ಮರದ ತಲೆಯನ್ನು ಕತ್ತರಿಸುವುದು.
4. ಮರವನ್ನು ಒಣಗಿಸುವ ರಾಸಾಯನಿಕಗಳನ್ನು ಹಾಕುವುದು.
5. ಬೆಂಕಿ ಹಚ್ಚುವುದು ಅಥವಾ ಬೇರಾವುದೇ ರೀತಿಯಲ್ಲಿ ಮರಕ್ಕೆ ಹಾನಿ ಮಾಡುವುದು.

ಆದುದರಿಂದ ಮನೆಯ ಮೇಲೆ ಚಾಚಿದ ದೊಡ್ಡ ಕೊಂಬೆಗಳನ್ನು ಕತ್ತರಿಸುವ ಮೊದಲೂ ವೃಕ್ಷ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯಕ. ಹಳೆಯ ಮರಗಳು ಕೊಡಲಿಯಿಂದ ಮಾತ್ರವಲ್ಲದೆ ನಿಧಾನವಾದ ಹಾನಿಗಳಿಂದಲೂ ನಾಶವಾಗುತ್ತವೆ. ಬುಡದಲ್ಲಿ ಕಸಕ್ಕೆ ಬೆಂಕಿ ಹಾಕುವುದು, ಕಾಂಡಕ್ಕೆ ಒತ್ತಿಕೊಂಡು ಕಾಂಕ್ರೀಟ್ ಸುರಿಯುವುದು, ಚರಂಡಿ ತೋಡುವಾಗ ಬೇರುಗಳನ್ನು ಕತ್ತರಿಸುವುದು, ಫಲಕಗಳಿಗಾಗಿ ಮೊಳೆ ಹೊಡೆಯುವುದು ಇವೇ ಅವು. ಬೇರು ಕಳೆದುಕೊಂಡ ಮರವು ಕೆಲವು ವರ್ಷಗಳ ನಂತರ ಗಾಳಿಗೆ ಉರುಳಿದಾಗ ಅದನ್ನು ಪ್ರಕೃತಿ ವಿಕೋಪವೆಂದೇ ಭಾವಿಸಲಾಗುತ್ತದೆ.

ಅನುಮತಿಗಾಗಿ ಅರ್ಜಿ ಸಲ್ಲಿಸುವ ವಿಧಾನ

ಅರ್ಜಿಯನ್ನು ಲಿಖಿತವಾಗಿ ಸಂಬಂಧಪಟ್ಟ ವೃಕ್ಷ ಅಧಿಕಾರಿಗೆ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಈ ವಿವರಗಳು ಸ್ಪಷ್ಟವಾಗಿದ್ದಲ್ಲಿ ವಿಳಂಬವನ್ನು ತಪ್ಪಿಸಬಹುದು:

1. ಜಮೀನಿನ ಅಥವಾ ನಿವೇಶನದ ಒಡೆತನದ ದಾಖಲೆ (ಪಹಣಿ ಅಥವಾ ಖಾತೆ).
2. ಮರವಿರುವ ಸ್ಥಳವನ್ನು ತೋರಿಸುವ ನಕ್ಷೆ.
3. ಮರಗಳ ಸಂಖ್ಯೆ, ಜಾತಿ ಮತ್ತು ಕಾಂಡದ ಸುತ್ತಳತೆ.
4. ಕಡಿಯಲು ಕಾರಣ ಮತ್ತು ಮರದ ಛಾಯಾಚಿತ್ರ.

ವೃಕ್ಷ ಅಧಿಕಾರಿಯು ಮರವನ್ನು ಪರಿಶೀಲಿಸಿ, ಅಗತ್ಯ ವಿಚಾರಣೆ ನಡೆಸಿ, ಅನುಮತಿ ನೀಡಬಹುದು ಅಥವಾ ನಿರಾಕರಿಸಬಹುದು. ಅನುಮತಿ ನೀಡುವಾಗ ಅದೇ ಸ್ಥಳದಲ್ಲಿ ಅಥವಾ ಸೂಕ್ತವಾದ ಬೇರೆ ಸ್ಥಳದಲ್ಲಿ ಸಸಿಗಳನ್ನು ನೆಟ್ಟು ಬೆಳೆಸಬೇಕೆಂಬ ಷರತ್ತನ್ನು ವಿಧಿಸಬಹುದು. ಈ ಷರತ್ತನ್ನು ಪಾಲಿಸುವುದು ಅರ್ಜಿದಾರರ ಕಾನೂನುಬದ್ಧ ಹೊಣೆಯಾಗಿರುತ್ತದೆ. ಅಧಿಕಾರಿಯ ತೀರ್ಮಾನದಿಂದ ಬಾಧಿತರಾದವರು ನಿಗದಿತ ಅವಧಿಯೊಳಗೆ ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿಯಿಲ್ಲದೆ ಮರ ಕಡಿದವರು ಸೆರೆವಾಸ, ಜುಲ್ಮಾನೆ ಅಥವಾ ಎರಡಕ್ಕೂ ಗುರಿಯಾಗುತ್ತಾರೆ.

ಅನುಮತಿಯನ್ನು ನಿರಾಕರಿಸಲಾಗದ ಸಂದರ್ಭಗಳು

ಕಾನೂನು ಜನರ ನಿಜವಾದ ತೊಂದರೆಗಳನ್ನು ಕಡೆಗಣಿಸಿಲ್ಲ. ಮರವು ಸತ್ತಿದ್ದರೆ, ರೋಗಗ್ರಸ್ತವಾಗಿದ್ದರೆ ಅಥವಾ ಗಾಳಿಗೆ ಬಿದ್ದಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯಕಾರಿಯಾಗಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ, ಸಿಡಿಲು ಅಥವಾ ಮಳೆಯಿಂದ ಬಹುಮಟ್ಟಿಗೆ ಹಾನಿಗೊಂಡಿದ್ದರೆ ಅನುಮತಿಯನ್ನು ನಿರಾಕರಿಸತಕ್ಕದ್ದಲ್ಲ. ಗ್ರಾಮೀಣ ಪ್ರದೇಶದಲ್ಲಿ ನೈಜ ಗೃಹಬಳಕೆಗಾಗಿ ಮರ ಬೇಕಾದಾಗಲೂ ಇದೇ ನಿಯಮ ಅನ್ವಯಿಸುತ್ತದೆ.

ಹಳೆಯ ಮರಗಳ ವಿಷಯದಲ್ಲಿ "ಅಪಾಯಕಾರಿ" ಎಂಬ ಕಾರಣವನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕಾಗುತ್ತದೆ. ಪೊಟರೆ ಬಿದ್ದ ಮರವೆಲ್ಲ ಸಾಯುತ್ತಿರುವ ಮರವಲ್ಲ. ಬೆಂಗಳೂರಿನ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರವು ಇದಕ್ಕೆ ಉತ್ತಮ ನಿದರ್ಶನ. ಸುಮಾರು 400 ವರ್ಷಗಳದ್ದೆನ್ನಲಾದ ಈ ಮರದ ಮೂಲ ಕಾಂಡವು ರೋಗಕ್ಕೆ ತುತ್ತಾಗಿ ನಾಶವಾಗಿದ್ದರೂ, ಬಿಳಲುಗಳೇ ಕಾಂಡಗಳಾಗಿ ಸುಮಾರು ಮೂರು ಎಕರೆ ಪ್ರದೇಶದಲ್ಲಿ ಅದು ಇಂದಿಗೂ ಹಬ್ಬಿ ನಿಂತಿದೆ. ಒಂದೆರಡು ಕೊಂಬೆಗಳನ್ನು ಕತ್ತರಿಸಿ ಅಥವಾ ಆಧಾರ ಕೊಟ್ಟು ಅಪಾಯ ನಿವಾರಿಸಲು ಸಾಧ್ಯವಿದ್ದಲ್ಲಿ, ಅರ್ಜಿದಾರರು ಅಷ್ಟಕ್ಕೆ ಮಾತ್ರ ಅನುಮತಿ ಕೋರುವುದು ಸೂಕ್ತ.

ವಿನಾಯಿತಿ ಪಡೆದ ಜಾತಿಗಳು ಮತ್ತು ಸ್ಥಳೀಯ ಮರಗಳು

ನೀಲಗಿರಿ, ಸರ್ವೆ (ಗಾಳಿಮರ), ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು ಮುಂತಾದ ಕೆಲವು ಜಾತಿಗಳಿಗೆ 8ನೇ ಪ್ರಕರಣದ ನಿರ್ಬಂಧ ಅನ್ವಯಿಸುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ರೈತರು ಬೆಳೆಯಾಗಿ ನೆಟ್ಟು ಬೆಳೆಸುವ ಮರಗಳು. ಪಟ್ಟಿಯು ಕಾಲಕಾಲಕ್ಕೆ ಬದಲಾಗುವುದರಿಂದ ಕಡಿಯುವ ಮೊದಲು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ಶ್ರೀಗಂಧದ ಮರಕ್ಕೆ ಪ್ರತ್ಯೇಕ ನಿಯಮಗಳಿವೆ. ಕರ್ನಾಟಕ ಅರಣ್ಯ ಅಧಿನಿಯಮಕ್ಕೆ 2001ರಲ್ಲಿ ಮಾಡಲಾದ ತಿದ್ದುಪಡಿಯಂತೆ ಜಮೀನಿನಲ್ಲಿ ಬೆಳೆದ ಶ್ರೀಗಂಧವು ಜಮೀನುದಾರರದೇ ಆದರೂ, ಅದನ್ನು ಕಡಿಯಲು ಮತ್ತು ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

ಆಲ, ಅರಳಿ, ಅತ್ತಿ, ಹೊಂಗೆ, ಬೇವು, ನೇರಳೆ, ಹಲಸು ಮುಂತಾದ ಸ್ಥಳೀಯ ಮರಗಳಿಗೆ ಅನುಮತಿ ಅಗತ್ಯ. ಆದರೆ "ಸ್ಥಳೀಯ" ಮತ್ತು "ಪಾರಂಪರಿಕ" ಎಂಬ ಪದಗಳು ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನರು ದೊಡ್ಡ ಹುಣಸೆ ಎಂದು ಕರೆಯುವ ಬೃಹತ್ ಮರಗಳು ಆಫ್ರಿಕಾ ಮೂಲದ ಬಾವೋಬಾಬ್ ಜಾತಿಗೆ ಸೇರಿದವು. ಹುಣಸೆಯ ಮೂಲವೂ ಆಫ್ರಿಕಾವೇ. ಆದರೂ ಶತಮಾನಗಳಿಂದ ಊರಿನ ಬದುಕಿನಲ್ಲಿ ಬೆರೆತಿರುವ ಈ ಮರಗಳು ನಮ್ಮ ಪರಂಪರೆಯ ಭಾಗವಾಗಿವೆ. ಹೊಸದಾಗಿ ನೆಡುವಾಗ ಸ್ಥಳೀಯ ಜಾತಿಗಳಿಗೆ ಆದ್ಯತೆ ನೀಡುವುದೂ, ಈಗಾಗಲೇ ಇರುವ ಹಳೆಯ ಮರಗಳನ್ನು ಮೂಲ ನೋಡದೆ ಉಳಿಸಿಕೊಳ್ಳುವುದೂ ಎರಡೂ ಅಗತ್ಯ.

ಸಾರ್ವಜನಿಕ ಆಕ್ಷೇಪಣೆಗೆ ಅವಕಾಶ

ರಸ್ತೆ ಅಗಲೀಕರಣ, ಕಾಲುವೆ, ಕಟ್ಟಡ ಮುಂತಾದ ಸಾರ್ವಜನಿಕ ಉದ್ದೇಶಕ್ಕಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಲ್ಲಿ ವೃಕ್ಷ ಅಧಿಕಾರಿಯು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು ಕನಿಷ್ಠ 10 ದಿನಗಳ ಕಾಲಾವಕಾಶ ನೀಡತಕ್ಕದ್ದು. ಬಂದ ಆಕ್ಷೇಪಣೆಗಳನ್ನು ಪರಿಗಣಿಸಿದ ನಂತರವೇ ತೀರ್ಮಾನ ಕೈಗೊಳ್ಳಬೇಕು. ಆಕ್ಷೇಪಣೆಯಲ್ಲಿ ಯಾವ ಮರ, ಎಲ್ಲಿದೆ, ಏಕೆ ಉಳಿಸಬೇಕು, ಕಾಮಗಾರಿಯನ್ನು ಹೇಗೆ ಬದಲಿಸಬಹುದು ಎಂಬುದನ್ನು ನಿರ್ದಿಷ್ಟವಾಗಿ ಬರೆಯುವುದು ಪರಿಣಾಮಕಾರಿ.

ಇಲ್ಲಿ ಒಂದು ಮುಖ್ಯ ಅಂಶವನ್ನು ನಾಗರಿಕರು ತಿಳಿದಿರಬೇಕು. ಈ ನಿಯಮವು ಮರಗಳ ಸಂಖ್ಯೆಯನ್ನು ಆಧರಿಸಿದೆ, ವಯಸ್ಸನ್ನಲ್ಲ. 60 ಎಳೆಯ ಮರಗಳಿಗೆ ಪ್ರಕಟಣೆ ಹೊರಡುತ್ತದೆ. ಮುನ್ನೂರು ವರ್ಷದ ಒಂದೇ ಆಲದ ಮರಕ್ಕೆ ಅದು ಕಡ್ಡಾಯವಲ್ಲ. ಹೀಗಾಗಿ ಒಂಟಿ ಮರದ ಮಹತ್ವವನ್ನು, ಕಡಿಯುವ ಅರ್ಜಿ ಬರುವುದಕ್ಕೆ ಮೊದಲೇ, ದಾಖಲೆಯಲ್ಲಿ ತರುವುದು ಅತ್ಯಗತ್ಯ.

ಹಳೆಯ ಮರಗಳನ್ನು ದಾಖಲಿಸುವ ಮಾರ್ಗಗಳು

ಜೈವಿಕ ವೈವಿಧ್ಯ ಅಧಿನಿಯಮ, 2002ರಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕಾಗಿದೆ. ಈ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುತ್ತದೆ. ಊರಿನ ಹಿರಿಯ ಮರಗಳ ಜಾತಿ, ಸುತ್ತಳತೆ, ಸ್ಥಳ ಮತ್ತು ಹಿನ್ನೆಲೆಯನ್ನು ಇದರಲ್ಲಿ ಸೇರಿಸಲು ನಾಗರಿಕರು ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ ಮನವಿ ಸಲ್ಲಿಸಬಹುದು. ದಾಖಲಾತಿಯಿಂದಲೇ ಕಡಿಯುವುದಕ್ಕೆ ನಿಷೇಧ ಬರುವುದಿಲ್ಲ. ಆದರೆ ವೃಕ್ಷ ಅಧಿಕಾರಿಯು ವಿಚಾರಣೆ ನಡೆಸುವಾಗ ಅದು ಅಧಿಕೃತ ಸಾಕ್ಷ್ಯವಾಗಿ ನೆರವಾಗುತ್ತದೆ.

ಇದೇ ಅಧಿನಿಯಮದ 37ನೇ ಪ್ರಕರಣದಡಿ ರಾಜ್ಯ ಸರ್ಕಾರವು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಮಹತ್ವದ ಪ್ರದೇಶಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣಗಳೆಂದು ಘೋಷಿಸಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಇಂತಹ ತಾಣವಾಯಿತು. ಇದರ ವಿಸ್ತೀರ್ಣ ಸುಮಾರು 54 ಎಕರೆ. ನಂತರ ಚಿಕ್ಕಮಗಳೂರು ಜಿಲ್ಲೆಯ ಹೊಗ್ರೇಕಾನ್ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣ (2010), ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ (2011) ಈ ಪಟ್ಟಿಗೆ ಸೇರಿದವು. ಘೋಷಣೆಯಿಂದ ಹಣ್ಣು, ಸೊಪ್ಪು, ಮೇವು ಸಂಗ್ರಹಕ್ಕೆ ತಡೆಯಾಗಬಹುದೆಂಬ ಆತಂಕ ಕೆಲವು ಗ್ರಾಮಸ್ಥರಲ್ಲಿರಬಹುದು. ಸ್ಥಳೀಯ ಸಮುದಾಯಗಳು ತಾವಾಗಿಯೇ ಒಪ್ಪಿಕೊಂಡ ನಿರ್ಬಂಧಗಳ ಹೊರತು, ರೂಢಿಯಲ್ಲಿರುವ ಬಳಕೆಗೆ ಅಡ್ಡಿಪಡಿಸುವುದು ಈ ಘೋಷಣೆಯ ಉದ್ದೇಶವಲ್ಲ.

ಕಾನೂನಿಗೂ ಮೊದಲೇ ಜನರು ಮರಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಕೊಡಗಿನ ಸುಮಾರು 1,200 ದೇವರಕಾಡುಗಳು, ಕರಾವಳಿಯ ನಾಗಬನಗಳು ಇದಕ್ಕೆ ಸಾಕ್ಷಿ. ಇಂದಿನ ದಾಖಲಾತಿಯು ಆ ನಂಬಿಕೆಯ ಜೊತೆಗೆ ಕಾಗದದ ಬಲವನ್ನೂ ನೀಡುತ್ತದೆ.

ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ನಮ್ಮ ಬೀದಿಯಲ್ಲಿ ಮರ ಕಡಿಯಲಾಗುತ್ತಿದೆ. ಏನು ಮಾಡಬೇಕು?
ಉತ್ತರ: ಅನುಮತಿ ಪತ್ರವನ್ನು ತೋರಿಸುವಂತೆ ಸೌಜನ್ಯದಿಂದ ಕೇಳಿ. ಅನುಮತಿಯಲ್ಲಿ ನಮೂದಿಸಿದ ಮರವೇ ಹೌದೋ ಎಂದು ನೋಡಿ. ಅನುಮತಿ ಇಲ್ಲದಿದ್ದಲ್ಲಿ ಛಾಯಾಚಿತ್ರ ಸಹಿತ ವೃಕ್ಷ ಅಧಿಕಾರಿಗೆ ತಕ್ಷಣ ದೂರು ನೀಡಿ.

ಪ್ರಶ್ನೆ: ಈಗಾಗಲೇ ನೀಡಿದ ಅನುಮತಿಯ ಪ್ರತಿ ದೊರೆಯುವುದೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ ಆದೇಶ ಮತ್ತು ಸ್ಥಳ ಪರಿಶೀಲನಾ ವರದಿಯ ಪ್ರತಿಗಳನ್ನು ಕೋರಬಹುದು.

ಪ್ರಶ್ನೆ: ಕಡಿದ ಮರಕ್ಕೆ ಬದಲಾಗಿ ಸಸಿ ನೆಟ್ಟರೆ ಸಾಲದೇ?
ಉತ್ತರ: ಸಸಿ ನೆಡುವುದು ಕಡ್ಡಾಯ ಷರತ್ತಾಗಿರಬಹುದು, ಆದರೆ ಅದು ಸಮಾನ ಪರಿಹಾರವಲ್ಲ. ದೊಡ್ಡ ಮರವು ನೀಡುವ ನೆರಳು ಮತ್ತು ಪಕ್ಷಿಗಳಿಗೆ ಒದಗಿಸುವ ಆಸರೆಯನ್ನು ಸಸಿಯು ನೀಡಲು ಹಲವು ದಶಕಗಳು ಬೇಕು.

ಕೊನೆಯ ಸೂಚನೆ

ಮರವನ್ನು ಕಡಿಯಬೇಕಾದವರು ಕೆಲಸ ಆರಂಭಿಸುವ ಮೊದಲು ಅನುಮತಿ ಪಡೆಯುವುದು. ಮರವನ್ನು ಉಳಿಸಬಯಸುವವರು ಅದಕ್ಕೆ ಅಪಾಯ ಒದಗುವ ಮೊದಲು ಅದರ ವಿವರವನ್ನು ದಾಖಲಿಸುವುದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು, ನಗರ ಪ್ರದೇಶಗಳಲ್ಲಿ ಸ್ಥಳೀಯ ಸಂಸ್ಥೆಯ ಅರಣ್ಯ ವಿಭಾಗವಿದ್ದಲ್ಲಿ ಅದನ್ನು, ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು.