ಪಾಲಿನ ಬಲೆ

ಕಾಳಿ ನದಿ ಕಡಲನ್ನು ಕೂಡುವ ತಾಣದಲ್ಲಿ ನಮ್ಮ ಕೋಡಿಬಾಗವಿದೆ. ಬೆಳಗಿನ ತಿರುಗಾಟಕ್ಕೆ ಹೊರಟವನಿಗೆ ಇಲ್ಲಿ ಮೊದಲು ಎದುರಾಗುವವರು ಮೀನಿನ ಬುಟ್ಟಿ ಹೊತ್ತ ಹೆಂಗಸರು. ದಡದ ಹರಾಜಿನಲ್ಲಿ ಮೀನು ಕೊಂಡು, ಬಿಸಿಲೇರುವ ಮುನ್ನ ಮಾರಿ, ನಾಳಿನ ಬಂಡವಾಳವನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟುವ ಇವರ ದುಡಿಮೆಯನ್ನು ಓದಿದ ನಾವು ವ್ಯಾಪಾರವೆಂದು ಎಣಿಸಿದ್ದೇ ಕಡಮೆ. ಇವರ ಮಕ್ಕಳು ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡ ಓದುತ್ತಾರೆ. ಓದು ಮುಗಿದ ಮೇಲೆ ಏನು ಮಾಡಬೇಕೆಂದು ಅವರು ಕೇಳಿದರೆ, ನೌಕರಿಗೆ ಅರ್ಜಿ ಹಾಕಿರೆಂದು ಹೇಳುವುದು ನನಗೆ ರೂಢಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ಅಂಥ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಿ.ಎ. ಮುಗಿಸಿದ್ದ. ಹಳೆಯ ಗೂಡ್ಸ್ ರಿಕ್ಷಾವೊಂದನ್ನು ಕೊಂಡು, ಐಸ್ ಪೆಟ್ಟಿಗೆಯಲ್ಲಿ ಮೀನು ತುಂಬಿ, ಮಲ್ಲಾಪುರದ ಕಡೆಯ ಹಳ್ಳಿಗಳಿಗೆ ಒಯ್ಯುವ ಯೋಚನೆ ಅವನದು. "ಸರ್, ಸಾಲಕ್ಕೆ ನೀವು ಜಾಮೀನು ನಿಲ್ಲಬೇಕು" ಎಂದ. ನಾನು ಅಂಜಿದೆ, ಅಂಜಿಕೆಯನ್ನು ಮುಚ್ಚಲು ಉಪದೇಶ ಮಾಡಿದೆ. ಅವನು ಗೋವೆಗೆ ಹೋಗಿ ಹೋಟೆಲೊಂದರಲ್ಲಿ ಕೆಲಸಕ್ಕೆ ನಿಂತ.

ನಮ್ಮ ಕರಾವಳಿಯ ಹಿರಿಯರು ರಂಪಣಿ ಬಲೆಯನ್ನು ಬಲ್ಲರು. ದೋಣಿಯಲ್ಲಿ ಒಯ್ದು ಕಡಲಿಗೆ ಸುತ್ತಿ ಬಿಟ್ಟು, ಎರಡು ತುದಿಗಳನ್ನೂ ಹತ್ತಾರು ಜನ ಕೂಡಿ ದಡಕ್ಕೆ ಎಳೆಯುವ ದೊಡ್ಡ ಬಲೆ ಅದು. ಒಬ್ಬ ಬಡವನ ಕೈಗೆ ಎಟುಕುವಂಥದಲ್ಲ. ಆದುದರಿಂದ ಹಲವರು ಕೂಡುತ್ತಿದ್ದರು. ಬಂದುದನ್ನು ಪಾಲು ಹಾಕುತ್ತಿದ್ದರು. ಬಲೆಗೂ ಪಾಲು, ಎಳೆದ ಕೈಗೂ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರಬೇಕಾದ ಮೀನು ಕಡಲಲ್ಲೇ ಬಲೆಗೆ ಬಿದ್ದು ರಂಪಣಿ ಹಿಂದೆ ಸರಿಯಿತು. ಹೊಸ ಬೋಟಿಗೆ ಹಣ ಕೂಡಿಸಲಾರದ ಅನೇಕರು ಕೂಲಿಗಳಾದರು. 2005ರಲ್ಲಿ ಕಾರ್ಯಾರಂಭವಾದ ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲಾಗಳ ಎಷ್ಟೋ ಮೀನುಗಾರ ಕುಟುಂಬಗಳು ದಡವನ್ನೇ ಬಿಟ್ಟುಕೊಟ್ಟವು.

ಇಂದು ಸಾಲವೇ ಇಲ್ಲವೆನ್ನುವಂತಿಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯ ಮೊದಲ ಹಂತದಲ್ಲಿ 50,000 ರೂಪಾಯಿಗಳವರೆಗೆ ಅಡಮಾನವಿಲ್ಲದ ಸಾಲವುಂಟು. ಆದರೆ ಕಂತು ತಿಂಗಳು ತಪ್ಪದೆ ಬರುತ್ತದೆ. ಮೀನು ಹಾಗೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳ ಭಾರವನ್ನು ಒಬ್ಬನೇ ತರುಣ ಹೊರಬೇಕೆಂದರೆ ಅವನು ಗೋವೆಯ ಬಸ್ಸು ಹತ್ತದೆ ಇನ್ನೇನು ಮಾಡಿಯಾನು?

ಹೋದ ಹುಡುಗ ತಿರುಗಿ ಬಂದ. ಕರೆತಂದವಳು ಅವನ ತಾಯಿ. "ಒಬ್ಬನೇ ಎಳೆದರೆ ಬಲೆ ಬರುತ್ತದೆಯೇ, ಮಾಸ್ತರೇ?" ಎಂದು ಆಕೆ ತನ್ನ ಕೊಂಕಣಿ ಬೆರೆತ ಕನ್ನಡದಲ್ಲಿ ನನ್ನನ್ನು ಕೇಳಿದಳು. ಇಬ್ಬರು ಗೆಳೆಯರನ್ನು ಕೂಡಿಕೊಂಡು ಅವನು ರಿಕ್ಷಾ ಕೊಂಡ. ಮೊದಲ ಮಳೆಗಾಲದಲ್ಲಿ ಒಬ್ಬ ಒಣಮೀನು ಮಾರಿದ, ಒಬ್ಬ ರಿಕ್ಷಾದಲ್ಲಿ ಬಾಡಿಗೆಗೆ ಸಾಮಾನು ಸಾಗಿಸಿದ, ಮತ್ತೊಬ್ಬ ಅಂಗಡಿಯೊಂದರಲ್ಲಿ ದುಡಿದ. ಕಂತು ತಪ್ಪಲಿಲ್ಲ.

ಮೊನ್ನೆ ಅವನು ಲೆಕ್ಕದ ಪುಸ್ತಕ ತಂದು ತೋರಿಸಿದ. ಮೂವರಿಗೆ ಮೂರು ಪಾಲು, ರಿಕ್ಷಾಕ್ಕೆ ಒಂದು. ಅಜ್ಜಂದಿರ ಬಲೆಯ ನ್ಯಾಯ ಅಲ್ಲಿ ಹಾಗೆಯೇ ಉಳಿದಿತ್ತು. ಕಾಗುಣಿತದಲ್ಲಿ ಎರಡು ತಪ್ಪುಗಳಿದ್ದವು; ಲೆಕ್ಕದಲ್ಲಿ ಒಂದೂ ಇರಲಿಲ್ಲ. ಸಾಲ ಕೊಡುವವರು ಇಂಥ ಕೂಟಗಳನ್ನು ನಂಬಿ, ಕಂತನ್ನು ಕಡಲಿನ ಕಾಲಕ್ಕೆ ಹೊಂದಿಸಬಾರದೇಕೆ? ಪಾಠ ಹೇಳುವ ನಾವು ಬುಟ್ಟಿಯನ್ನು ಕೀಳೆಂದು ಕಾಣುವುದನ್ನು ಬಿಡಬಾರದೇಕೆ?

ಈ ಸಲ ಜಾಮೀನು ಬೇಕೇ ಎಂದು ನಾನೇ ಕೇಳಿದೆ.

"ನನಗೆ ಬೇಡ ಸರ್. ಈ ವರ್ಷ ಕಾಲೇಜು ಬಿಡುವ ಹುಡುಗರಿಗೆ ಬೇಕಾದೀತು" ಎಂದ.